ಬಡಗಿಯೊಬ್ಬನು ಕಂಡ ಎರಡು ಚಂದ್ರರು

2020ನೆಯ ಇಸವಿಯ ಜುಲೈ 1ರಂದು, ಬೆಂಗಳೂರಿನಿಂದ ನಡೆಸಲ್ಪಡುತ್ತಿದ್ದ ನಮ್ಮ ಮಂಗಳಯಾನ ನೌಕೆಯು ಮಂಗಳಗ್ರಹದ ಒಳ ಚಂದ್ರನಾದ ಫೋಬೋಸ್‌ನ ಚಿತ್ರವೊಂದನ್ನು ಸುಮಾರು 4,200 ಕಿಲೋಮೀಟರ್ ದೂರದಿಂದ ತೆಗೆಯಿತು. ಹುಳು ಕೊರೆದ ಆಲೂಗಡ್ಡೆಯಂತೆ ತೋರುವ ಆ ಬಂಡೆಯ ಮೇಲೆ ಸುಮಾರು 9 ಕಿಲೋಮೀಟರ್ ಅಗಲದ ಕುಳಿಯೊಂದಿದೆ. ಅದರ ಹೆಸರು ಸ್ಟಿಕ್ನಿ. ಇದು ಯಾವ ರಾಜನ ಹೆಸರೂ ಅಲ್ಲ; ಒಬ್ಬ ಬಡಗಿಯ ಹೆಂಡತಿಯ ತವರುಮನೆಯ ಹೆಸರು. ಆ ಬಡಗಿಯೇ ಮಂಗಳನಿಗೆ ಚಂದ್ರರಿದ್ದಾರೆಂದು ಲೋಕಕ್ಕೆ ತೋರಿಸಿಕೊಟ್ಟ ಅಮೇರಿಕೆಯ ಅಸಾಫ್ ಹಾಲ್. ಹಗಲು ಹೋಟೆಲಿನಲ್ಲಿ ದುಡಿದು ಇರುಳುಶಾಲೆಯಲ್ಲಿ ಅಕ್ಷರ ಕಲಿತವರು ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ ಈತನ ವೃತ್ತಾಂತವನ್ನು ತುಸು ವಿಸ್ತಾರವಾಗಿಯೇ ಹೇಳಬಯಸುತ್ತೇವೆ.

ಹಾಲ್ ಹುಟ್ಟಿದ್ದು 1829ರಲ್ಲಿ, ಕನೆಕ್ಟಿಕಟ್ ಪ್ರಾಂತದ ಗೋಷನ್ ಎಂಬ ಊರಿನಲ್ಲಿ. ಹದಿಮೂರನೆಯ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿಯೊಡನೆ ಹೊಲ ನೋಡಿಕೊಂಡು, ಚೀಸ್ ತಯಾರಿಸಿ ಮಾರಿ ಕೆಲಕಾಲ ಸಂಸಾರ ಸಾಗಿಸಿದ ಹುಡುಗನು ಹದಿನಾರಕ್ಕೆ ಬಡಗಿಯೊಬ್ಬನ ಕೈಕೆಳಗೆ ಕೆಲಸಕ್ಕೆ ಸೇರಿದನು. ಆದರೆ ಗಣಿತದ ಹುಚ್ಚು ಬಿಡಲಿಲ್ಲ. ಕೂಡಿಟ್ಟ ಹಣವನ್ನು ಕಟ್ಟಿಕೊಂಡು ನ್ಯೂಯಾರ್ಕ್ ಪ್ರಾಂತದ ಮೆಗ್ರಾವಿಲ್‌ನ ಕಾಲೇಜಿಗೆ ಹೋದನು. ಹೆಂಗಸರಿಗೂ ನೀಗ್ರೋ ಜನರಿಗೂ ಆ ಕಾಲದಲ್ಲೇ ಬಾಗಿಲು ತೆರೆದಿದ್ದ ಕಾಲೇಜು ಅದು. ಅಲ್ಲಿ ತಾನೂ ಓದುತ್ತ ಕಿರಿಯರಿಗೆ ಗಣಿತ ಹೇಳಿಕೊಡುತ್ತಿದ್ದವಳು ಆಂಜಲೀನ್ ಸ್ಟಿಕ್ನಿ. ಹುಡುಗರು ಬೇಕೆಂದೇ ಕಠಿಣ ಲೆಕ್ಕಗಳನ್ನು ಹುಡುಕಿ ತಂದು ಆಕೆಯ ಮುಂದಿಡುತ್ತಿದ್ದರಂತೆ; ಆಕೆ ಎಲ್ಲವನ್ನೂ ಬಿಡಿಸುತ್ತಿದ್ದಳಂತೆ. 1856ರಲ್ಲಿ ಶಿಷ್ಯನಿಗೂ ಗುರುವಿಗೂ ವಿವಾಹವಾಯಿತು.

1857ರಲ್ಲಿ ಹಾರ್ವರ್ಡ್ ವೇಧಶಾಲೆಯಲ್ಲಿ ಹಾಲ್ ಮಹಾಶಯನಿಗೆ ಸಹಾಯಕನ ಕೆಲಸ ದೊರೆಯಿತು. ಸಂಬಳ ವಾರಕ್ಕೆ ಮೂರು ಡಾಲರ್. ಗಂಡನ ಗಣನೆಗಳಲ್ಲಿ ಆಂಜಲೀನ್ ಕೈಜೋಡಿಸಿದಳು. ಗಂಡಸು ಈ ಕೆಲಸ ಮಾಡಿದರೆ ಎಷ್ಟು ಕೊಡುತ್ತಾರೋ ಅಷ್ಟೇ ತನಗೂ ಬೇಕೆಂದು ಕೇಳಿದಳು. ಅದು ದೊರೆಯದಿರಲು ಲೆಕ್ಕ ಮಾಡುವುದನ್ನೇ ನಿಲ್ಲಿಸಿಬಿಟ್ಟಳು. ಆಕೆ ಕೇಳಿದ್ದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಒಬ್ಬನ ಸಂಬಳಕ್ಕೆ ಇಬ್ಬರ ದುಡಿಮೆ ಎಂಬುದು ಹೋಟೆಲಿನ ಅಡಿಗೆಮನೆಗೂ ಹೊಸತಲ್ಲ.

1862ರಲ್ಲಿ ಅವರು ವಾಷಿಂಗ್‌ಟನ್‌ನ ನೌಕಾದಳದ ವೇಧಶಾಲೆಗೆ ಬಂದರು. ಅಲ್ಲಿ ಪ್ರೊಫೆಸರರ ಹುದ್ದೆಯೊಂದು ತೆರವಾದಾಗ ಸಂಕೋಚದ ಹಾಲ್ ಬಾಯಿಬಿಡಲಿಲ್ಲ. ಗಂಡನಿಗೆ ತಿಳಿಸದೆಯೇ ಆಂಜಲೀನ್ ಮೇಲಧಿಕಾರಿಗೆ ಕಾಗದ ಬರೆದಳು. 1863ರಲ್ಲಿ ಹುದ್ದೆ ಆತನಿಗಾಯಿತು. ಆ ವರ್ಷದ ಒಂದು ರಾತ್ರಿ, ದೂರದರ್ಶಕದಲ್ಲಿ ಚಂದ್ರನು ತಲೆಕೆಳಗಾಗಿ ಕಾಣುವುದೇಕೆಂದು ಕೇಳಲು ಅಧ್ಯಕ್ಷ ಲಿಂಕನ್ನನೇ ಬಂದಿದ್ದನೆಂದು ಪ್ರತೀತಿ.

ಮಂಗಳನಿಗೆ ಚಂದ್ರರಿಲ್ಲವೆಂದೇ ಆಗಿನ ಪುಸ್ತಕಗಳು ಬರೆಯುತ್ತಿದ್ದವು. ಆದರೆ 1876ರ ಡಿಸೆಂಬರಿನಲ್ಲಿ ಶನಿಗ್ರಹದ ಮೇಲೆ ಕಂಡ ಬಿಳಿಯ ಚುಕ್ಕೆಯೊಂದರಿಂದ ಶನಿಯ ಒಂದು ಸುತ್ತಿಗೆ 10 ಗಂಟೆ 14 ನಿಮಿಷವೆಂದು ಹಾಲ್ ಅಳೆದಿದ್ದನು. ಪುಸ್ತಕಗಳಲ್ಲಿದ್ದುದು 10 ಗಂಟೆ 29 ನಿಮಿಷ. ಅಂದಿನಿಂದ ಪುಸ್ತಕದ ಮಾತನ್ನು ಕಣ್ಣುಮುಚ್ಚಿ ನಂಬುವುದನ್ನು ಆತನು ಬಿಟ್ಟನು.

1877ರ ಆಗಸ್ಟಿನಲ್ಲಿ ಮಂಗಳನು ಭೂಮಿಗೆ ಬಹಳ ಸಮೀಪಕ್ಕೆ ಬಂದನು. ಹಾಲ್‌ನ ಕೈಯಲ್ಲಿ 26 ಅಂಗುಲದ ದೂರದರ್ಶಕವಿತ್ತು. ಚಂದ್ರರಿದ್ದರೆ ಗ್ರಹಕ್ಕೆ ತೀರ ಹತ್ತಿರದಲ್ಲೇ ಇರಬೇಕೆಂದು ಗಣಿಸಿ, ಮಂಗಳನ ಪ್ರಖರತೆ ಕಣ್ಣಿಗೆ ಬೀಳದಂತೆ ಗ್ರಹವನ್ನು ನೋಟದ ಅಂಚಿನಿಂದಾಚೆ ಸರಿಸಿ ಸುತ್ತಲೂ ಹುಡುಕತೊಡಗಿದನು. ಏನೂ ಸಿಗಲಿಲ್ಲ. ಹೆಂಡತಿಯ ಉತ್ತೇಜನವಿಲ್ಲದಿದ್ದರೆ ಹುಡುಕುವುದನ್ನೇ ಬಿಟ್ಟುಬಿಡುತ್ತಿದ್ದೆನೇನೋ ಎಂದು ಆತನೇ ಮುಂದೆ ಬರೆದಿದ್ದಾನೆ. 11ರ ರಾತ್ರಿ ಮಸುಕಾದ ಚುಕ್ಕೆಯೊಂದು ಕಂಡಿತು. ಗುರುತು ಹಾಕಿಕೊಳ್ಳುವಷ್ಟರಲ್ಲಿ ಪೋಟೋಮ್ಯಾಕ್ ನದಿಯ ಮಂಜು ಮೇಲೆದ್ದು ಎಲ್ಲವನ್ನೂ ಮುಚ್ಚಿತು. ಅನಂತರ ಮೋಡ, ಗುಡುಗು, ಮಳೆ. 16ರಂದು ಚುಕ್ಕೆ ಮತ್ತೆ ಸಿಕ್ಕಿತು, ಮಂಗಳನೊಡನೆಯೇ ಚಲಿಸುತ್ತಿತ್ತು. ಅದು ಡೀಮೋಸ್. ಮರುರಾತ್ರಿ ಅದಕ್ಕಾಗಿ ಕಾದು ಕುಳಿತಾಗ ಇನ್ನೂ ಒಳಗೆ ಇನ್ನೊಂದು ಕಂಡಿತು. ಅದೇ ಫೋಬೋಸ್.

ಈ ಎರಡನೆಯದು ಆತನನ್ನು ಪೇಚಿಗೆ ಸಿಕ್ಕಿಸಿತು. ಒಂದೇ ರಾತ್ರಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕಾಣುತ್ತಿದ್ದುದರಿಂದ ಒಳಗೆ ಎರಡು ಮೂರು ಚಂದ್ರರಿರಬಹುದೆಂದು ಭಾವಿಸಿದನು. 20, 21ರ ರಾತ್ರಿಗಳಲ್ಲಿ ಎಡೆಬಿಡದೆ ಕಾದಾಗ ಅದು ಒಂದೇ ಎಂದು ತಿಳಿಯಿತು. ಫೋಬೋಸ್‌ಗೆ ಒಂದು ಪ್ರದಕ್ಷಿಣೆಗೆ 7 ಗಂಟೆ 39 ನಿಮಿಷ ಸಾಕು. ಮಂಗಳನ ದಿನವಾದರೋ 24 ಗಂಟೆ 37 ನಿಮಿಷ. ಆದ್ದರಿಂದ ಮಂಗಳನ ನೆಲದಲ್ಲಿ ನಿಂತವನಿಗೆ ಈ ಚಂದ್ರನು ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತಾನೆ!

ಗ್ರಹವೊಂದರ ಚಂದ್ರನು ಎಷ್ಟು ದೂರದಲ್ಲಿ, ಎಷ್ಟು ಹೊತ್ತಿನಲ್ಲಿ ಸುತ್ತುತ್ತಾನೆಂದು ತಿಳಿದರೆ ಗ್ರಹದ ತೂಕ ತಿಳಿಯುತ್ತದೆ. ಇದು ತಕ್ಕಡಿಯಿದ್ದಂತೆ. ಮಂಗಳನು ಸೂರ್ಯನ 30,93,500 ಪಾಲುಗಳಲ್ಲಿ ಒಂದು ಪಾಲೆಂದು ಹಾಲ್ ಲೆಕ್ಕ ಕಟ್ಟಿದನು. ಇಂದಿನ ಲೆಕ್ಕದಲ್ಲಿ ಆ ಸಂಖ್ಯೆ ಸುಮಾರು 30,98,700. ನೂರಕ್ಕೆ ಕಾಲು ಪಾಲಿನಷ್ಟೂ ವ್ಯತ್ಯಾಸವಿಲ್ಲ.

ಆತನ ಅಳತೆಗಳು ಮುಂದಿನವರಿಗೂ ಕೆಲಸ ಕೊಟ್ಟವು. 1945ರಲ್ಲಿ ಅದೇ ವೇಧಶಾಲೆಯ ಶಾರ್ಪ್‌ಲೆಸ್ ಎಂಬವನು ಹಳೆಯ, ಹೊಸ ಅಳತೆಗಳನ್ನು ಹೋಲಿಸಿ ಫೋಬೋಸ್‌ನ ಓಟ ಕ್ರಮೇಣ ಬಿರುಸಾಗುತ್ತಿದೆ ಎಂದನು. ಅಂದರೆ ಅದು ಮಂಗಳನತ್ತ ಇಳಿಯುತ್ತಿದೆ. ರಷ್ಯದ ಶ್ಕ್ಲೋವ್‌ಸ್ಕಿಯಂತೂ ಅದು ಒಳಗೆ ಟೊಳ್ಳಾಗಿರಬಹುದು, ಯಾರೋ ಕಟ್ಟಿದ್ದಿರಬಹುದು ಎಂಬವರೆಗೂ ಊಹೆಯನ್ನು ಬೆಳೆಸಿದನು. 1971ರಲ್ಲಿ ಮ್ಯಾರಿನರ್ 9 ಚಿತ್ರ ತೆಗೆದಾಗ ಕಂಡದ್ದು ಕುಳಿಬಿದ್ದ ಬಂಡೆ. ಇಳಿಯುವಿಕೆ ಮಾತ್ರ ನಿಜವೇ: ನೂರು ವರ್ಷಕ್ಕೆ 1.8 ಮೀಟರ್. ಇನ್ನು ಮೂರರಿಂದ ಐದು ಕೋಟಿ ವರ್ಷಗಳಲ್ಲಿ ಅದು ಒಡೆದು ಚೂರಾಗುವುದು ಅಥವಾ ಮಂಗಳನ ಮೇಲೆ ಬೀಳುವುದು.

1973ರಲ್ಲಿ ಅತಿದೊಡ್ಡ ಕುಳಿಗೆ ಸ್ಟಿಕ್ನಿ ಎಂಬ ಹೆಸರು ಬಂದಿತು. ಹಾಲ್‌ನ ಹೆಸರಿನ ಕುಳಿಯೂ ಅಲ್ಲೇ ಇದೆ, ಅದು ಚಿಕ್ಕದು. 1892ರಲ್ಲಿ ತೀರಿಕೊಂಡ ಆಂಜಲೀನ್‌ಗೆ ಇದಾವುದನ್ನೂ ಕಾಣುವ ಯೋಗವಿರಲಿಲ್ಲ. ಹಾಲ್ 1907ರವರೆಗೆ ಬದುಕಿದ್ದನು.

ಫೋಬೋಸ್‌ಗೆಂದೇ ಹೊರಟ ರಷ್ಯದ ನೌಕೆಗಳ ಅದೃಷ್ಟ ಚೆನ್ನಾಗಿರಲಿಲ್ಲ. 1988ರಲ್ಲಿ ಒಂದು ದಾರಿಯಲ್ಲೇ ಕಳೆದುಹೋಯಿತು. 1989ರಲ್ಲಿ ಇನ್ನೊಂದು ಹತ್ತಿರ ಹೋಗಿ ಮೌನವಾಯಿತು. 2011ರಲ್ಲಿ ಹಾರಿದ್ದು ಭೂಮಿಯ ಕಕ್ಷೆಯನ್ನೇ ದಾಟಲಿಲ್ಲ. ಈಗ ಜಪಾನಿನವರು ಅಲ್ಲಿಯ ಮಣ್ಣನ್ನು ಭೂಮಿಗೆ ತರುವ ಎಂ.ಎಂ.ಎಕ್ಸ್. ಎಂಬ ಯೋಜನೆಯನ್ನು ಕೈಗೊಂಡಿದ್ದಾರೆ. ಹಾಲ್ ಕಂಡ ಚಂದ್ರನು ಎಲ್ಲಿಂದಲೋ ಬಂದು ಮಂಗಳನ ಸೆಳೆತಕ್ಕೆ ಸಿಕ್ಕಿದ ಕ್ಷುದ್ರಗ್ರಹವೋ, ಮಂಗಳನಿಗೇ ಬಿದ್ದ ಪೆಟ್ಟಿನಿಂದ ಸಿಡಿದ ಚೂರುಗಳು ಕೂಡಿ ಆದದ್ದೋ ಎಂಬ ವ್ಯಾಜ್ಯವನ್ನು ಆ ಹಿಡಿ ಮಣ್ಣು ತೀರಿಸಬಹುದೆಂದು ಅವರ ನಿರೀಕ್ಷೆ.