ಎಂಎಂಎ ಕಲಿಸುವವರಿಗೆ ಬೆಲ್ಟ್ ಬೇಕೋ, ಸರ್ಟಿಫಿಕೇಟ್ ಬೇಕೋ?

ಖಬೀಬ್ ನುರ್ಮಗೊಮೆದೋವ್ ಅವರ ಆಟವನ್ನು ಮೊಬೈಲಿನಲ್ಲಿ ನೋಡದ ಹುಡುಗರು ನಮ್ಮ ಕಾಲೇಜಿನಲ್ಲಿ ಕಡಿಮೆ. ಆಡಿದ 29 ಪಂದ್ಯಗಳನ್ನೂ ಗೆದ್ದು 2020ರಲ್ಲಿ ಅವರು ನಿವೃತ್ತರಾದರು. ಅವರನ್ನು ನೋಡಿ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ ಕಲಿಯಬೇಕೆಂಬ ಆಸೆ ಹಲವರಿಗೆ ಹುಟ್ಟಿದೆ. 2026ರ ಐಚಿ-ನಗೋಯಾ ಏಷ್ಯನ್ ಗೇಮ್ಸ್‌ಗೆ ಈ ಆಟವನ್ನು ಸೇರಿಸಿರುವುದರಿಂದ ಆಸೆ ಇನ್ನೂ ಹೆಚ್ಚಾಗಬಹುದು. ಆಸೆ ತಪ್ಪಲ್ಲ. ಆದರೆ ಕಲಿಸಲು ನಿಂತವರಿಗೆ ಕಲಿಸುವ ಅರ್ಹತೆ ಇದೆಯೋ ಇಲ್ಲವೋ ಎಂದು ಅಸುಂಡಿಯಂಥ ಊರಿನ ವಿದ್ಯಾರ್ಥಿ ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಇಲ್ಲಿ ಬಿಡಿಸಿ ನೋಡುತ್ತೇನೆ.

ಬೆಲ್ಟ್ ಎಲ್ಲಿಂದ ಬಂತು?

ಬೆಲ್ಟ್ ಪದ್ಧತಿ ಬಹಳ ಪುರಾತನ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದಕ್ಕೆ ಸುಮಾರು 140 ವರ್ಷ ಅಷ್ಟೆ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಜೂಡೊ ಆರಂಭಿಸಿ, ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ 'ಡಾನ್' ದರ್ಜೆ ಕೊಟ್ಟರು. ಕಾನೊ ಸ್ವತಃ ಶಾಲಾ ಶಿಕ್ಷಕರು. ವಿದ್ಯಾರ್ಥಿ ಎಷ್ಟು ಕಲಿತಿದ್ದಾನೆ ಎಂದು ತಿಳಿಯಲು ತರಗತಿಗಳಂತೆ ದರ್ಜೆ ಮಾಡಿದರು. ಕರಾಟೆಗೆ ಈ ದರ್ಜೆ ಬಂದದ್ದು 1924ರಲ್ಲಿ, ಗಿಚಿನ್ ಫುನಾಕೊಶಿ ಅವರಿಂದ.

ಅಂದರೆ ಬೆಲ್ಟ್ ಕಲಿಯುವವನ ಅಳತೆ. ಕಲಿಸುವವನ ಅಳತೆ ಬೇರೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ ನೂರು ಬಂದವರೆಲ್ಲ ಗಣಿತ ಮೇಷ್ಟ್ರು ಆಗಲಾರರು. ಅದಕ್ಕೆ ಬಿ.ಇಡಿ. ಬೇರೆಯೇ ಇದೆ.

ಎಂಎಂಎಗೆ ಬೆಲ್ಟ್ ಯಾಕಿಲ್ಲ?

ಎಂಎಂಎ ಒಂದೇ ಕಲೆಯಲ್ಲ. ಕುಸ್ತಿ, ಬಾಕ್ಸಿಂಗ್, ಜೂಡೊ, ಸಾಂಬೊ, ಮುಯ್ ಥಾಯ್, ಬ್ರೆಜಿಲಿಯನ್ ಜಿಯು-ಜಿತ್ಸು ಎಲ್ಲವೂ ಸೇರಿದ ಆಟ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದದ್ದೇ ಯಾವ ಕಲೆ ಮೇಲು ಎಂದು ನೋಡಲು. ಇಂದಿನ ಏಕರೂಪದ ನಿಯಮಗಳು ರೂಪುಗೊಂಡದ್ದು 2000ದ ಹೊತ್ತಿಗೆ. ಇದರೊಳಗಿನ ಕಲೆಗಳಲ್ಲಿ ಕೆಲವಕ್ಕೆ ದರ್ಜೆ ಇದೆ, ಕೆಲವಕ್ಕೆ ಇಲ್ಲ. ಜಿಯು-ಜಿತ್ಸುವಿನಲ್ಲಿ ನೀಲಿ ಬೆಲ್ಟಿನಿಂದ ಕಪ್ಪು ಬೆಲ್ಟಿಗೆ ಹೋಗಲು ಅಂತರರಾಷ್ಟ್ರೀಯ ಒಕ್ಕೂಟದ ಪ್ರಕಾರ ಕನಿಷ್ಠ ನಾಲ್ಕೂವರೆ ವರ್ಷ ಬೇಕು. ಬಾಕ್ಸಿಂಗ್‌ನಲ್ಲಿ ಅಂಥ ಬೆಲ್ಟೇ ಇಲ್ಲ. ಎಲ್ಲವನ್ನೂ ಕಲಸಿ ಒಂದು ಬಣ್ಣ ಕೊಡುವುದು ಕಷ್ಟ.

ದರ್ಜೆ ಬೇಡ ಎನ್ನುವವರ ವಾದವೂ ಗಟ್ಟಿಯಾಗಿದೆ. ನಮ್ಮ ಉತ್ತರ ಕರ್ನಾಟಕದ ಗರಡಿಮನೆಯನ್ನೇ ನೋಡಿ. ಅಲ್ಲಿನ ವಸ್ತಾದರಿಗೆ ಯಾವ ಸರ್ಟಿಫಿಕೇಟೂ ಇರಲಿಲ್ಲ. 'ವಸ್ತಾದ' ಎಂಬ ಮಾತು ಬಂದದ್ದು 'ಉಸ್ತಾದ್' ಎಂಬುದರಿಂದ. ಒಂದೇ ಕೆಂಪು ಮಣ್ಣಿನಲ್ಲಿ ಎಲ್ಲ ಮನೆತನದ ಹುಡುಗರಿಗೂ ಪಟ್ಟು ಹೇಳಿಕೊಟ್ಟವರು ಅವರು. 1928ರಲ್ಲಿ ಪಟಿಯಾಲದಲ್ಲಿ ಜ್ಬಿಸ್ಕೊ ಎಂಬ ವಿಶ್ವಖ್ಯಾತ ಮಲ್ಲನನ್ನು ಒಂದು ನಿಮಿಷದೊಳಗೆ ಕೆಡವಿದ ಗಾಮಾ ಪೈಲ್ವಾನ್ ಯಾವ ಕೋರ್ಸನ್ನೂ ಮಾಡಿದವರಲ್ಲ. ಖಬೀಬರನ್ನು ತಯಾರು ಮಾಡಿದ ಅವರ ತಂದೆ ಅಬ್ದುಲ್‌ಮನಾಪ್ ಎಂಎಂಎಯಲ್ಲಿ ಹೆಸರು ಮಾಡಿದ ಆಟಗಾರರಲ್ಲ. ಕುಸ್ತಿ, ಜೂಡೊ, ಸಾಂಬೊ ಬಲ್ಲ ತರಬೇತುದಾರರು.

ಹಾಗಾದರೆ ಗರಡಿಯಲ್ಲಿ ಮೋಸಕ್ಕೆ ತಡೆ ಯಾವುದಿತ್ತು? ಊರಿನ ಕಣ್ಣು. ವಸ್ತಾದ ಯಾರ ಮಗ, ಯಾರ ಕೈಯಲ್ಲಿ ಪಳಗಿದವನು, ನಡತೆ ಎಂಥದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಮದ್ರಸಾದಲ್ಲಿ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕುರ್‌ಆನ್ ಪಾರಾಯಣ ಕಲಿಸುವವರ 'ಇಜಾಜತ್'ಗೆ ತೂಕ ಬರುವುದು ಅದರ ಹಿಂದಿನ ಸನದಿನಿಂದ: ಇವರು ಯಾರಿಂದ ಕಲಿತರು, ಅವರು ಯಾರಿಂದ ಕಲಿತರು ಎಂಬ ಸರಪಳಿಯಿಂದ. ನಗರದ ಜಿಮ್‌ನಲ್ಲಿ ಈ ಸರಪಳಿ ಕಾಣುವುದಿಲ್ಲ. ಗೋಡೆಯ ಮೇಲೆ ಫ್ರೇಮ್ ಹಾಕಿದ ಕಾಗದಗಳು ಮಾತ್ರ ಕಾಣುತ್ತವೆ.

ಗೋಡೆಯ ಕಾಗದ, ನೆಲದ ಪೆಟ್ಟು

ಹೋದ ವರ್ಷ ರಜೆಯಲ್ಲಿ ನಾನು ಕೆಲವು ದಿನ ಒಂದು ತರಗತಿಗೆ ಹೋಗಿದ್ದೆ. ಗೋಡೆ ತುಂಬ ಸರ್ಟಿಫಿಕೇಟ್. ಅಭ್ಯಾಸದಲ್ಲಿ ನನ್ನ ಜೊತೆಗಾರನ ತಲೆಗೆ ಒದೆ ಬಿತ್ತು. ಅವನು ಎದ್ದು ಎಲ್ಲಿದ್ದೇನೆಂದು ಕೇಳಿದ. ಸರ್ ಅವನಿಗೆ ನೀರು ಕುಡಿಸಿ, "ಗಂಡಸಾಗು" ಎಂದು ಮತ್ತೆ ಆಡಲು ನಿಲ್ಲಿಸಿದರು. ಅವನಿಗೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ವೈದ್ಯರು ಬೇಡವೆನ್ನುವುದು ಇದನ್ನೇ. ತಲೆಗೆ ಪೆಟ್ಟಾಗಿ ಗೊಂದಲ, ತಲೆಸುತ್ತು, ವಾಂತಿ ಕಂಡರೆ ಆ ದಿನ ಮತ್ತೆ ಆಡಿಸಬಾರದು. ಮಿದುಳು ಸುಧಾರಿಸಿಕೊಳ್ಳುವ ಮೊದಲು ಬೀಳುವ ಎರಡನೇ ಪೆಟ್ಟು ಸಣ್ಣದಾದರೂ ಪ್ರಾಣಕ್ಕೆ ಕುತ್ತು ತರಬಹುದು.

2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ತಿಂದು ಬಿದ್ದ ಯುವಕನೊಬ್ಬ ಬದುಕಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ದೂರು ಕೊಟ್ಟರು. 2015ರಲ್ಲಿ ಚೀನಾದ ಯಾಂಗ್ ಜಿಯಾನ್ ಬಿಂಗ್ ಎಂಬ 21ರ ಆಟಗಾರ ಪಂದ್ಯಕ್ಕೆ ಮೊದಲು ತೂಕ ಇಳಿಸುವಾಗಲೇ ತೀರಿಹೋದ. ಆಮೇಲೆ ಆ ಸಂಸ್ಥೆ ಮೈಯ ನೀರು ಬತ್ತಿಸಿ ತೂಕ ಇಳಿಸುವುದನ್ನು ನಿಷೇಧಿಸಿತು. ಕುತ್ತಿಗೆ ಬಿಗಿಯುವ ಪಟ್ಟು ಸರಿಯಾಗಿ ಕೂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಎದುರಾಳಿ ಕೈ ತಟ್ಟಿದ ಕೂಡಲೇ ಬಿಡಬೇಕು ಎಂಬುದು ಮೊದಲ ಪಾಠವಾಗಬೇಕು. ಕಪ್ಪು ಬೆಲ್ಟ್ ಇದೆ ಎಂದ ಮಾತ್ರಕ್ಕೆ ಇವೆಲ್ಲ ಗೊತ್ತಿವೆ ಎನ್ನಲಾಗದು.

ಸರ್ಟಿಫಿಕೇಟ್ ಕೊಡುವವರು ಯಾರು?

ಕುಸ್ತಿ, ಬಾಕ್ಸಿಂಗ್, ಜೂಡೊಗಳಿಗೆ ನಮ್ಮ ದೇಶದಲ್ಲಿ ದಾರಿ ಇದೆ. ಗಾಮಾ ಗೆದ್ದ ಅದೇ ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್‌ಐಎಸ್, ತರಬೇತುದಾರರಿಗೆ ಡಿಪ್ಲೊಮಾ ಮತ್ತು ಆರು ವಾರಗಳ ಕೋರ್ಸ್ ನಡೆಸುತ್ತದೆ. ಎಂಎಂಎಗೆ ಅಷ್ಟು ಗಟ್ಟಿಯಾದ ಒಂದೇ ದಾರಿ ಇಲ್ಲ. ಬೇರೆ ಬೇರೆ ಸಂಸ್ಥೆಗಳು ತಮ್ಮ ತಮ್ಮ ಕಾಗದ ಕೊಡುತ್ತವೆ. ಹಳೆಯ ಕಲೆಗಳಿಗೂ ಈ ತೊಂದರೆ ತಪ್ಪಿಲ್ಲ. ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯನ್ನು ಭಾರತೀಯ ಒಲಿಂಪಿಕ್ ಸಂಸ್ಥೆ 2020ರಲ್ಲಿ ಹಿಂತೆಗೆದುಕೊಂಡಿತು. ಸರ್ಟಿಫಿಕೇಟ್ ಇದೆ ಎಂದರೆ ಸಾಲದು, ಕೊಟ್ಟವರು ಯಾರೆಂದೂ ಕೇಳಬೇಕು.

ನನ್ನ ಅಭಿಪ್ರಾಯ ಇದು. ಎಂಎಂಎ ತರಬೇತುದಾರರಿಗೆ ದರ್ಜೆ ಬೇಕಿಲ್ಲ. ಅವರ ಆಟದ ಮಟ್ಟವನ್ನು ರಿಂಗ್ ತೋರಿಸುತ್ತದೆ, ಕಲಿಸುವ ಮಟ್ಟವನ್ನು ಶಿಷ್ಯರು ತೋರಿಸುತ್ತಾರೆ. ಆದರೆ ಎಲ್ಲರಿಗೂ ಅನ್ವಯಿಸುವ ಒಂದು ಕನಿಷ್ಠ ಮಟ್ಟ ಬೇಕು: ಪ್ರಥಮ ಚಿಕಿತ್ಸೆ, ತಲೆಪೆಟ್ಟಿನ ತಿಳಿವಳಿಕೆ, ತೂಕ ಮತ್ತು ಆಹಾರದ ಪಾಠ, ಮಕ್ಕಳೊಡನೆ ನಡೆದುಕೊಳ್ಳುವ ನಿಯಮ, ಪೊಲೀಸ್ ಪರಿಶೀಲನೆ. ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ. ಲೈಸೆನ್ಸ್ ಇದ್ದವರು ರೇಸ್ ಗೆಲ್ಲುತ್ತಾರೆ ಎಂದು ಯಾರೂ ಹೇಳುವುದಿಲ್ಲ. ಬ್ರೇಕ್ ಎಲ್ಲಿದೆ ಎಂದು ಗೊತ್ತಿರಬೇಕು ಅಷ್ಟೆ. ಇದರ ಶುಲ್ಕವೂ ಕಡಿಮೆ ಇರಬೇಕು, ಪರೀಕ್ಷೆ ಕನ್ನಡದಲ್ಲೂ ಇರಬೇಕು. ಇಲ್ಲದಿದ್ದರೆ ಹಳ್ಳಿಯ ಒಳ್ಳೆಯ ವಸ್ತಾದರು ಹೊರಗುಳಿದು, ದುಡ್ಡಿದ್ದವರು ಒಳಗೆ ಬರುತ್ತಾರೆ.

ಸೇರುವ ಮೊದಲು ಕೇಳಿ

1. ನೀವು ಯಾರಿಂದ, ಎಷ್ಟು ವರ್ಷ ಕಲಿತಿರಿ? ಅವರೊಡನೆ ಮಾತಾಡಬಹುದೇ?
2. ಪೆಟ್ಟಾದರೆ ಮೊದಲು ಏನು ಮಾಡುತ್ತೀರಿ? ಹತ್ತಿರದ ಆಸ್ಪತ್ರೆ ಯಾವುದು?
3. ಹೊಸಬರನ್ನು ಎಷ್ಟು ದಿನದ ಮೇಲೆ ಕೈಕೈ ಆಡಿಸುತ್ತೀರಿ? (ಮೊದಲ ವಾರವೇ ಎಂದರೆ ವಾಪಸ್ ಬನ್ನಿ.)
4. ರಮಜಾನಿನ ಉಪವಾಸದಲ್ಲಿ ಅಭ್ಯಾಸವನ್ನು ಹಗುರ ಮಾಡುತ್ತೀರಾ?
5. ಮುಖಕ್ಕೆ ಹೊಡೆಯಬಾರದೆಂಬ ಹದೀಸನ್ನು ಪಾಲಿಸುವವರಿಗೆ ಕುಸ್ತಿ ಮತ್ತು ಪಟ್ಟುಗಳನ್ನಷ್ಟೇ ಕಲಿಸುತ್ತೀರಾ?
6. ಹುಡುಗಿಯರಿಗೆ ಬೇರೆ ಸಮಯ, ಮಹಿಳಾ ತರಬೇತುದಾರರು ಇದ್ದಾರೆಯೇ? ತಂದೆತಾಯಿ ಕೂತು ನೋಡಬಹುದೇ?

ಒಳ್ಳೆಯ ಉಸ್ತಾದರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ. ನಮ್ಮ ಕಾಲೇಜಿಗೆ ಆತ್ಮರಕ್ಷಣೆ ಕಲಿಸಲು ಯಾರನ್ನಾದರೂ ಕರೆಸುವಾಗಲೂ ಈ ಆರು ಪ್ರಶ್ನೆಗಳನ್ನು ಮೊದಲೇ ಕೇಳಬೇಕೆಂದು ಪ್ರಾಂಶುಪಾಲರಲ್ಲಿ ಮತ್ತು ದೈಹಿಕ ಶಿಕ್ಷಣ ವಿಭಾಗದವರಲ್ಲಿ ವಿನಂತಿಸುತ್ತೇನೆ.