ಬಾಹ್ಯಾಕಾಶದ ತೇರಿಗೆ ಸನ್ನೆ ಹಾಕುವವರು

ಊರ ಜಾತ್ರೆಯಲ್ಲಿ ತೇರು ಹೊರಟಾಗ ಎಲ್ಲರ ಕಣ್ಣೂ ಮೇಲಿನ ಕಳಸದ ಕಡೆಗೇ. ಗಾಲಿಯ ಪಕ್ಕದಲ್ಲಿ ಬಾಗಿ ನಡೆಯುತ್ತಾ, ಬೇಕಾದಾಗ ಸನ್ನೆ ಹಾಕಿ ತೇರನ್ನು ಮುಂದಕ್ಕೆ ಸರಿಸುವ, ಬೇಡವಾದಾಗ ಮರದ ತುಂಡು ಕೊಟ್ಟು ನಿಲ್ಲಿಸುವ ನಾಲ್ಕಾರು ಜನರನ್ನು ಯಾರೂ ಗಮನಿಸುವುದಿಲ್ಲ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸಿ ಕರೆತರುವ ಕೆಲಸವೂ ಹೀಗೆಯೇ. ಹೋಗಿಬಂದವರ ಹೆಸರು ಮಕ್ಕಳಿಗೂ ಬಾಯಿಪಾಠ. ನೆಲದ ಮೇಲೆ ನಿದ್ದೆಗೆಟ್ಟವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

2025ರ ಜುಲೈ 15ರ ಬೆಳಗಿನ ಜಾವ 2 ಗಂಟೆ 31 ನಿಮಿಷಕ್ಕೆ ಶುಭಾಂಶು ಶುಕ್ಲಾ ಮತ್ತು ಮೂವರು ಸಂಗಡಿಗರಿದ್ದ ‘ಗ್ರೇಸ್’ ಎಂಬ ಡ್ರ್ಯಾಗನ್ ನೌಕೆ ನಮ್ಮ ಸ್ಯಾನ್ ಡಿಯಾಗೋ ಕರಾವಳಿಯಾಚೆ ಸಮುದ್ರಕ್ಕಿಳಿಯಿತು. ಡೆಲ್ ಮಾರ್‌ನ ನಾವು ಸಂಜೆ ಗಾಳಿ ಸೇವನೆಗೆ ಹೋಗುವ ಅದೇ ಪೆಸಿಫಿಕ್ ಸಮುದ್ರ! 1984ರಲ್ಲಿ ರಾಕೇಶ್ ಶರ್ಮಾ ಹೋಗಿಬಂದ ಮೇಲೆ ಬಾಹ್ಯಾಕಾಶಕ್ಕೆ ಹೋದ ಎರಡನೆಯ ಭಾರತೀಯ ಪ್ರಜೆ ಶುಕ್ಲಾ. ಬೆಂಗಳೂರಿನಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ, ಎಲ್ಲರೂ ಟಿ.ವಿ. ಮುಂದೆ. ನಮ್ಮ ಊರಿನಲ್ಲಿ ಮಾತ್ರ ಬಹುತೇಕ ಜನ ಗಾಢ ನಿದ್ದೆಯಲ್ಲಿದ್ದರು.

ನಿದ್ದೆ ಮಾಡದವರು ಸಮುದ್ರದ ಮೇಲಿದ್ದರು. ನಾಲ್ಕು ದೊಡ್ಡ ಪ್ಯಾರಾಚೂಟ್‌ಗಳಡಿ ನೌಕೆ ನೀರಿಗೆ ಬಿದ್ದ ಕೂಡಲೇ ವೇಗದ ದೋಣಿಗಳು ಹತ್ತಿರ ಹೋಗುತ್ತವೆ. ಅವುಗಳಲ್ಲಿರುವವರು ಮೊದಲು ನೋಡುವುದು ನೌಕೆಯಿಂದ ವಿಷಾನಿಲ ಸೋರುತ್ತಿದೆಯೇ ಎಂದು. ಅದರ ಸಣ್ಣ ಎಂಜಿನ್‌ಗಳ ಇಂಧನ ಉಸಿರಿಗೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಆಮೇಲೆ ನೌಕೆಯನ್ನು ಹಡಗಿಗೆ ಎತ್ತಿಕೊಂಡು ಬಾಗಿಲು ತೆರೆಯುತ್ತಾರೆ. ಮುಂದಿನದು ವೈದ್ಯರ ಸರದಿ.

ವೈದ್ಯನಾದ ನನಗೆ ಅತ್ಯಂತ ಕುತೂಹಲದ ಘಟ್ಟ ಇದೇ. ತೂಕವಿಲ್ಲದ ಸ್ಥಿತಿಯಲ್ಲಿ ಕಾಲಿನ ಕಡೆ ಇರಬೇಕಾದ ರಕ್ತ, ದ್ರವಗಳು ಎದೆ, ಮುಖದ ಕಡೆಗೆ ಏರುತ್ತವೆ. ದೇಹ ‘ನೀರು ಹೆಚ್ಚಾಯಿತು’ ಎಂದು ಭಾವಿಸಿ ಅದನ್ನು ಕಡಿಮೆ ಮಾಡಿಕೊಳ್ಳುತ್ತದೆ. ಭೂಮಿಗೆ ಬಂದು ತಟಕ್ಕನೆ ಎದ್ದು ನಿಂತರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಕಿವಿಯೊಳಗಿನ ಸಮತೋಲನದ ಅಂಗವೂ ಗೊಂದಲದಲ್ಲಿರುತ್ತದೆ. ತಿಂಗಳುಗಟ್ಟಲೆ ಇದ್ದವರಿಗೆ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಷ್ಟು ಸವೆಯುವುದುಂಟು. ಹಾಗಾಗಿ ಹೊರಬಂದ ವೀರರನ್ನು ಎರಡೂ ಕಡೆ ಹಿಡಿದು ನಿಲ್ಲಿಸುವ ಆ ಕೈಗಳು ಬರೀ ಉಪಚಾರಕ್ಕಲ್ಲ.

ಈ ಕಥೆಯಲ್ಲಿ ನಮ್ಮ ಕನ್ನಡ ನಾಡಿನ ಪಾಲು ಸಣ್ಣದೇನಲ್ಲ. ಶುಕ್ಲಾ ಅವರು ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ಧಾರವಾಡದ್ದು: ಕೃಷಿ ವಿಶ್ವವಿದ್ಯಾಲಯದ ರವಿಕುಮಾರ್ ಹೊಸಮನಿ, ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಅವರದು. 1957ರಲ್ಲಿ ಆರಂಭವಾದ ಬೆಂಗಳೂರಿನ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ ಶರ್ಮಾ ಅವರ ಕಾಲದಿಂದ ಗಗನಯಾನದವರೆಗೆ ಅಭ್ಯರ್ಥಿಗಳ ದೇಹಪರೀಕ್ಷೆ ನಡೆದಿದೆ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ತಂಡ 1975ರ ‘ಆರ್ಯಭಟ’ವನ್ನು ಕಟ್ಟಿದ್ದು ಪೀಣ್ಯದ ಶೆಡ್ಡುಗಳಲ್ಲಿ. ಅದೇ ಪೀಣ್ಯದಲ್ಲಿ ಈಗ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್ ಇದೆ. ಬ್ಯಾಲಾಳು ಗ್ರಾಮದ 32 ಮೀಟರಿನ ಆಂಟೆನಾ 2008ರಲ್ಲಿ ಚಂದ್ರಯಾನಕ್ಕೆ ಕಿವಿಗೊಟ್ಟಿತು. ನಮ್ಮ ಲಾಸ್ ಏಂಜಲಿಸ್ ಕಡೆಯ ಮೊಹಾವಿ ಮರುಭೂಮಿಯಲ್ಲಿ ಗೋಲ್ಡ್‌ಸ್ಟೋನ್ ಆಂಟೆನಾಗಳು ಮಾಡುವ ಕೆಲಸವೂ ಅದೇ.

ಆದರೆ ನೆಲದವರ ಅತಿ ದೊಡ್ಡ ಕೆಲಸ ಕಳಿಸುವುದಲ್ಲ, ‘ನಿಲ್ಲಿಸಿ’ ಎನ್ನುವುದು. 2025ರ ಜೂನ್‌ನಲ್ಲಿ ಶುಕ್ಲಾ ಅವರ ರಾಕೆಟ್‌ನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡಿತು. ಪೂರ್ತಿ ಸರಿಪಡಿಸದೆ ಹಾರುವುದು ಬೇಡವೆಂದು ತಮ್ಮ ತಂಡ ಪಟ್ಟು ಹಿಡಿಯಿತು ಎಂದು ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಆಮೇಲೆ ಹೇಳಿದರು. ಹಾರಾಟ ಹಲವು ಸಲ ಮುಂದೆ ಹೋಗಿ ಜೂನ್ 25ಕ್ಕೆ ನಡೆಯಿತು. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟದಲ್ಲಿ ಗಗನಯಾನದ ಮೊದಲ ಪರೀಕ್ಷಾ ರಾಕೆಟ್ ಇನ್ನು 5 ಸೆಕೆಂಡ್ ಇರುವಾಗ ತಾನಾಗಿ ನಿಂತಿತು. ತಂಡ ಕಾರಣ ಹುಡುಕಿ, ಸರಿಪಡಿಸಿ, 10 ಗಂಟೆಗೆ ಹಾರಿಸಿತು.

‘ನಿಲ್ಲಿಸಿ’ ಎಂದವರ ಮಾತು ಕೇಳದಿದ್ದರೆ? 2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಮೇಲೇರುವಾಗ ಟ್ಯಾಂಕಿನ ಫೋಮ್ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ಕಕ್ಷೆಯಲ್ಲಿರುವಾಗಲೇ ಆ ರೆಕ್ಕೆಯ ಚಿತ್ರ ತೆಗೆಸಬೇಕೆಂದು ಕೆಳಗಿನ ಎಂಜಿನಿಯರುಗಳು ಕೇಳಿದರು. ಮೇಲಿನವರು ಒಪ್ಪಲಿಲ್ಲ. ಫೆಬ್ರವರಿ 1ರಂದು ಏಳು ಜನರೂ ಮರಳಲಿಲ್ಲ.

ಆಸ್ಪತ್ರೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿದು ಹೊಲಿಗೆ ಹಾಕುವ ಮೊದಲು ನರ್ಸ್ ಒಳಗಿಟ್ಟ ಬಟ್ಟೆಗಳನ್ನು ಎಣಿಸುತ್ತಾರೆ. ‘ಡಾಕ್ಟರೇ, ಒಂದು ಕಡಿಮೆ ಇದೆ’ ಎಂದರೆ ಎಂಥ ಹೆಸರಾಂತ ಸರ್ಜನ್ ಆದರೂ ಕೈ ನಿಲ್ಲಿಸಲೇಬೇಕು. ಹೇಳುವುದಕ್ಕೆ ಧೈರ್ಯ ಬೇಕು, ಕೇಳುವುದಕ್ಕೆ ವಿನಯ ಬೇಕು.

ನಮ್ಮ ಮನೆಗಳಲ್ಲಿ ಮಕ್ಕಳು ‘ಆಸ್ಟ್ರೋನಾಟ್ ಆಗುತ್ತೇನೆ’ ಎಂದರೆ ನಾವು ಹಿಗ್ಗುತ್ತೇವೆ. ಆಗಲಿ, ಅದಕ್ಕಿಂತ ಸಂತೋಷವೇನಿದೆ! ಆದರೆ ಪ್ಯಾರಾಚೂಟ್ ಮಡಿಸುವವರು, ಸೋರಿಕೆ ಹುಡುಕುವವರು, ನಡುರಾತ್ರಿ ದೋಣಿಯಲ್ಲಿ ಕಾಯುವವರು ಇದ್ದಾರೆಂಬುದನ್ನೂ ಅವರಿಗೆ ಹೇಳೋಣ. ಸಭೆಯಲ್ಲಿ ಎಲ್ಲರೂ ‘ಹೂಂ’ ಎನ್ನುವಾಗ ಎದ್ದು ನಿಂತು ‘ಒಂದು ನಿಮಿಷ, ಲೆಕ್ಕ ಸರಿಯಿಲ್ಲ’ ಎನ್ನುವ ಅಭ್ಯಾಸವನ್ನೂ ಕಲಿಸೋಣ. ಅದಕ್ಕೆ ಮೊದಲು ಊಟದ ಮೇಜಿನಲ್ಲಿ ಅವರು ನಮಗೇ ಹಾಗೆ ಹೇಳಿದಾಗ, ಗದರದೆ ಕೇಳಿಸಿಕೊಳ್ಳುವುದನ್ನು ನಾವು ರೂಢಿಸಿಕೊಳ್ಳಬೇಕು.