ಲಾರಿಯ ಆಲ್ಟರ್ನೇಟರ್ ಮತ್ತು ಸ್ಟಾರ್ಟರ್: ಬದಲಿ ಖರೀದಿಯ ಮುನ್ನ ಮಾಡಬೇಕಾದ ಲೆಕ್ಕ

ಸ್ವಂತ ಲಾರಿಗಳನ್ನು ಇಟ್ಟುಕೊಂಡಿರುವ ವ್ಯಾಪಾರಸ್ಥರೂ ಸಣ್ಣ ಉದ್ದಿಮೆದಾರರೂ ಡೀಸೆಲ್ ಹಾಗೂ ಟೈರುಗಳ ಖರ್ಚನ್ನು ಕಿಲೋಮೀಟರಿಗೆ ಇಷ್ಟೆಂದು ಬರೆದಿಡುತ್ತಾರೆ. ಆದರೆ ಆಲ್ಟರ್ನೇಟರ್ ಅಥವಾ ಸ್ಟಾರ್ಟರ್ ಕೆಟ್ಟಾಗ ಯಾವುದನ್ನು, ಯಾರಿಂದ, ಎಷ್ಟಕ್ಕೆ ಕೊಳ್ಳಬೇಕೆಂಬ ತೀರ್ಮಾನವು ಹೆಚ್ಚಾಗಿ ಹೆದ್ದಾರಿಯ ಬದಿಯಲ್ಲಿ, ರಾತ್ರಿಯ ಹೊತ್ತಿನಲ್ಲಿ, ಫೋನಿನ ಮೇಲೆ ನಡೆದುಹೋಗುತ್ತದೆ. ಭಾಗವನ್ನು ಆರಿಸುವವನು ಮೆಕ್ಯಾನಿಕ್, ಒಪ್ಪುವವನು ಚಾಲಕ, ಹಣ ಕೊಡುವವನು ಮಾಲೀಕ. ಮೂವರ ಹಿತವೂ ಒಂದೇ ಆಗಿರುವುದಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಾಲಕರ ಬಾಯಲ್ಲಿ ಆಲ್ಟರ್ನೇಟರ್ ಇಂದಿಗೂ 'ಡೈನಮೊ', ಸ್ಟಾರ್ಟರ್ 'ಸೆಲ್ಫ್'. ಮೊದಲನೆಯದು ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸಿ ಬ್ಯಾಟರಿಯನ್ನು ತುಂಬುತ್ತದೆ. ಎರಡನೆಯದು ಬ್ಯಾಟರಿಯ ಶಕ್ತಿಯಿಂದ ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುತ್ತದೆ. ಹಳೆಯ ಯಾಂತ್ರಿಕ ಪಂಪಿನ ಡೀಸೆಲ್ ಎಂಜಿನ್ನು ಒಮ್ಮೆ ಚಾಲೂ ಆದರೆ ಡೈನಮೊ ಕೆಟ್ಟರೂ ಹಗಲಿನಲ್ಲಿ ಊರು ಮುಟ್ಟುತ್ತಿತ್ತು. ಕಾಮನ್ ರೈಲ್ ಎಂಜಿನ್ನುಗಳಲ್ಲಿ, ವಿಶೇಷವಾಗಿ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ, ಈ ಅನುಕೂಲವಿಲ್ಲ. ಇಂಧನ ಸಿಂಪಡಣೆಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕಕ್ಕೆ ವಿದ್ಯುತ್ ಸಾಲದಾದಾಗ ಲಾರಿ ನಿಂತಲ್ಲೇ ನಿಲ್ಲುತ್ತದೆ. ಕೋಲಾರದಿಂದ ಟೊಮ್ಯಾಟೊ ಹೇರಿಕೊಂಡು ಉತ್ತರಕ್ಕೆ ಹೊರಟ ಲಾರಿಯ ವಿಷಯದಲ್ಲಿ ಇದರ ಅರ್ಥವೇನೆಂಬುದು ಮಂಡಿ ವರ್ತಕರಿಗೆ ಚೆನ್ನಾಗಿ ತಿಳಿದಿದೆ.

ಖರೀದಿಗೆ ಮುನ್ನ, ಕೆಟ್ಟಿರುವುದು ನಿಜವಾಗಿಯೂ ಆ ಭಾಗವೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಭಾರಿ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟಿನ ವ್ಯವಸ್ಥೆ ಮಾಡಿರುತ್ತಾರೆ. ಎಂಜಿನ್ ನಿಂತಿರುವಾಗ ಪೂರ್ಣ ತುಂಬಿದ ಬ್ಯಾಟರಿಗಳ ತುದಿಗಳಲ್ಲಿ ಸುಮಾರು 25 ವೋಲ್ಟ್, ಎಂಜಿನ್ ಓಡುತ್ತಿರುವಾಗ ಸುಮಾರು 27.5ರಿಂದ 28.5 ವೋಲ್ಟ್ ಕಂಡುಬಂದರೆ ಚಾರ್ಜಿಂಗ್ ಸರಿಯಿದೆಯೆಂದು ತಿಳಿಯಬಹುದು. ಎಂಜಿನ್ ಓಡುವಾಗಲೂ 25ರಲ್ಲೇ ಇದ್ದರೆ ಮೊದಲು ಬೆಲ್ಟಿನ ಬಿಗಿತ, ವೈರಿನ ತುದಿಗಳು ಹಾಗೂ ಫ್ಯೂಸನ್ನು ನೋಡಬೇಕು, ಅನಂತರವೇ ಆಲ್ಟರ್ನೇಟರ್. ಸ್ಟಾರ್ಟರಿನ ವಿಷಯದಲ್ಲಿಯೂ ಹೀಗೆಯೇ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜು 19ಕ್ಕಿಂತ ಕೆಳಗೆ ಕುಸಿದರೆ ಮೊದಲ ಶಂಕೆ ಬ್ಯಾಟರಿಯ ಮೇಲೆ ಬರಬೇಕು. ವೋಲ್ಟೇಜು ನಿಂತಿದ್ದೂ ಸೆಲ್ಫ್ ತಿರುಗದಿದ್ದರೆ ತುಕ್ಕು ಹಿಡಿದ ಟರ್ಮಿನಲ್ಲು, ಸಡಿಲವಾದ ಅರ್ತಿಂಗ್ ಪಟ್ಟಿ ಮತ್ತು ಸೊಲೆನಾಯ್ಡ್ ಸರದಿಯಲ್ಲಿರುತ್ತವೆ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರೊಂದು ಪ್ರತಿ ಲಾರಿಯ ಕ್ಯಾಬಿನ್ನಿನಲ್ಲಿ ಇರುವುದು ಅಪೇಕ್ಷಣೀಯ. ತೆಗೆದು ಹಾಕಿದ ಸ್ಟಾರ್ಟರುಗಳಲ್ಲಿ ಎಷ್ಟೋ ನಿರ್ದೋಷಿಗಳಾಗಿರುತ್ತವೆ.

ಬದಲಿ ಭಾಗವು ಹಳೆಯದಕ್ಕೆ ಎಲ್ಲ ಅಂಶಗಳಲ್ಲಿ ಹೊಂದಬೇಕು. ಆಲ್ಟರ್ನೇಟರಿನಲ್ಲಿ ವೋಲ್ಟೇಜು, ಆಂಪಿಯರ್ ಸಾಮರ್ಥ್ಯ, ಪುಲ್ಲಿಯ ವ್ಯಾಸ ಹಾಗೂ ಬೆಲ್ಟಿನ ಗಾಡಿಗಳು, ಕೂರಿಸುವ ಕಿವಿಗಳ ಅಂತರ, ಟರ್ಮಿನಲ್ಲುಗಳ ವಿನ್ಯಾಸ ಇವನ್ನು ನೋಡಬೇಕು. ಆಂಪಿಯರ್ ಸಾಮರ್ಥ್ಯದಲ್ಲಿ ಉಳಿತಾಯ ಮಾಡುವಂತಿಲ್ಲ; 2025ರ ಅಕ್ಟೋಬರ್ 1ರ ನಂತರ ತಯಾರಾದ ಮಧ್ಯಮ ಮತ್ತು ಭಾರಿ ಸರಕು ವಾಹನಗಳಲ್ಲಿ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿರುವುದರಿಂದ ವಿದ್ಯುತ್ತಿನ ಬೇಡಿಕೆ ಹೆಚ್ಚಿದೆ. ಅನೇಕ ಲಘು ಡೀಸೆಲ್ ವಾಹನಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಜೋಡಿಸಲ್ಪಟ್ಟಿರುತ್ತದೆ. ಅಲ್ಲಿ ಕಳಪೆ ಭಾಗವನ್ನು ಹಾಕುವುದೆಂದರೆ ಬ್ರೇಕಿನೊಡನೆ ಆಟವಾಡುವುದು.

ಸ್ಟಾರ್ಟರಿನಲ್ಲಿ ಕಿಲೋವ್ಯಾಟ್ ಸಾಮರ್ಥ್ಯ, ತಿರುಗುವ ದಿಕ್ಕು ಹಾಗೂ ಪಿನಿಯನ್ನಿನ ಹಲ್ಲುಗಳ ಸಂಖ್ಯೆ ಮುಖ್ಯವಾದವು. ನೋಡಲು ಒಂದೇ ತರಹ ಕಾಣುವ ಎರಡು ಸ್ಟಾರ್ಟರುಗಳಲ್ಲಿ ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಫ್ಲೈವೀಲಿನ ರಿಂಗ್ ಗೇರು ತಿಂದುಹೋಗುತ್ತದೆ; ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ. ಹೀಗಾಗಿ ಮಾದರಿಯ ಹೆಸರು ಹೇಳಿ ಕೊಳ್ಳುವುದಕ್ಕಿಂತ ಹಳೆಯ ಭಾಗದ ಮೇಲಿನ ಪಟ್ಟಿಯಲ್ಲಿರುವ ಪಾರ್ಟ್ ನಂಬರನ್ನು ಕೊಟ್ಟು ಕೊಳ್ಳುವುದು ಸುರಕ್ಷಿತ. ಲಾರಿ ಹೊಸದಿರುವಾಗಲೇ ಆ ಪಟ್ಟಿಯ ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ನಾಲ್ಕು ವರ್ಷಗಳ ಎಣ್ಣೆ ಧೂಳಿನ ನಂತರ ಅದನ್ನು ಓದಲಾಗುವುದಿಲ್ಲ.

ಮಾರುಕಟ್ಟೆಯಲ್ಲಿ ದೊರೆಯುವ ಸರಕು ಸ್ಥೂಲವಾಗಿ ನಾಲ್ಕು ಬಗೆಯದು: ವಾಹನ ತಯಾರಕರ ಡೀಲರು ಕೊಡುವುದು, ಅದೇ ಭಾಗವನ್ನು ಮೂಲ ತಯಾರಕರು ತಮ್ಮ ಹೆಸರಿನಲ್ಲಿ ಮಾರುವುದು, ಹಳೆಯದನ್ನು ಪುನರ್ನಿರ್ಮಿಸಿದ್ದು, ಮತ್ತು ಹೆಸರಿಲ್ಲದ ಅಗ್ಗದ ಹೊಸ ಸರಕು. ಚೆನ್ನೈನ ಲ್ಯೂಕಾಸ್ ಟಿವಿಎಸ್ 1961ರಿಂದ ಈ ಕ್ಷೇತ್ರದಲ್ಲಿದೆ. ಬಾಷ್ ಸಮೂಹದ ಸ್ಟಾರ್ಟರ್ ಮತ್ತು ಜನರೇಟರ್ ವಿಭಾಗವು ಮಾರಾಟವಾಗಿ 2018ರಿಂದ ಎಸ್‌ಇಜಿ ಆಟೊಮೋಟಿವ್ ಎಂಬ ಹೆಸರಿನಲ್ಲಿದೆ. ಪೆಟ್ಟಿಗೆಯ ಮೇಲಿನ ಹೆಸರು ಬದಲಾದುದಷ್ಟಕ್ಕೇ ಸರಕು ಖೋಟಾ ಎಂದು ಭಾವಿಸಬೇಕಾಗಿಲ್ಲ. ಎರಡನೆಯ ಬಗೆಯೇ ಬಹಳಷ್ಟು ಸಂದರ್ಭಗಳಲ್ಲಿ ಲಾಭದಾಯಕ. ಪರಿಚಿತ ಆಟೊ ಎಲೆಕ್ಟ್ರಿಷಿಯನ್ನನಿಂದ ಬುಷ್, ಕಾರ್ಬನ್ ಬ್ರಷ್, ಬೇರಿಂಗುಗಳನ್ನು ಬದಲಿಸಿಕೊಳ್ಳುವುದನ್ನೂ ಅಲ್ಲಗಳೆಯುವಂತಿಲ್ಲ. ಆದರೆ ಆರ್ಮೇಚರ್ ಸುಟ್ಟು ವೈಂಡಿಂಗ್ ಮಾಡಿಸಬೇಕಾಗಿ ಬಂದಾಗ, ತಾಮ್ರದ ತಂತಿಯ ದಪ್ಪವನ್ನೂ ವಾರ್ನಿಷಿನ ಗುಣವನ್ನೂ ಮಾಲೀಕನು ಪರೀಕ್ಷಿಸುವ ಬಗೆ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಮಾತ್ರ. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಮೂಲ ತಯಾರಕರ ಆಲ್ಟರ್ನೇಟರಿನ ಬೆಲೆ 14,000 ರೂ., ಜಿಎಸ್‌ಟಿ 2,520 ರೂ., ಒಟ್ಟು 16,520 ರೂ. ಎಂದಿಟ್ಟುಕೊಳ್ಳೋಣ. ಹೆಸರಿಲ್ಲದ್ದು ಬಿಲ್ಲಿಲ್ಲದೆ 9,000 ರೂ. ಮೇಲ್ನೋಟಕ್ಕೆ ಉಳಿತಾಯ 7,520 ರೂ. ಜಿಎಸ್‌ಟಿ ಜಮೆ ಪಡೆಯಲು ಅರ್ಹನಾದ ಉದ್ದಿಮೆದಾರನಿಗೆ ನಿಜವಾದ ವ್ಯತ್ಯಾಸ 5,000 ರೂ. ಮಾತ್ರ. ಲಾರಿಯ ಸಾಲದ ಕಂತು, ಚಾಲಕನ ಸಂಬಳ, ವಿಮೆ, ರಸ್ತೆ ತೆರಿಗೆ, ಪರ್ಮಿಟ್ಟು ಸೇರಿ ತಿಂಗಳಿಗೆ 90,000 ರೂ. ಆದರೆ ನಿಂತ ದಿನವೊಂದಕ್ಕೆ 3,000 ರೂ. ಬೀಳುತ್ತದೆ. (ಕಂತಿನಲ್ಲಿ ಅಸಲಿನ ಭಾಗವೂ ಇರುವುದರಿಂದ ಅದು ಪೂರ್ತಿ ಖರ್ಚಲ್ಲವೆಂಬ ಆಕ್ಷೇಪ ಸರಿಯೇ, ಆದರೆ ಲಾರಿ ನಿಂತಿದೆಯೆಂದು ಬ್ಯಾಂಕು ಅದನ್ನು ಬಿಡುವುದಿಲ್ಲ.) ಅಗ್ಗದ ಭಾಗವು ಒಮ್ಮೆ ಎರಡು ದಿನ ಲಾರಿಯನ್ನು ನಿಲ್ಲಿಸಿದರೆ 6,000 ರೂ. ಹೋಯಿತು. ತಪ್ಪಿಹೋದ ಬಾಡಿಗೆ, ದಾರಿಯಲ್ಲಿನ ಕೂಲಿ, ಕೊಳೆತ ಸರಕು ಇದರಲ್ಲಿ ಸೇರಿಲ್ಲ.

ತೆರಿಗೆಯ ವಿಷಯದಲ್ಲಿ ಕೆಲವು ಮಾತು. ಆಲ್ಟರ್ನೇಟರ್ ಮತ್ತು ಸ್ಟಾರ್ಟರುಗಳು ಎಚ್‌ಎಸ್‌ಎನ್ 8511ರ ಅಡಿಯಲ್ಲಿ ಬರುತ್ತವೆ. ಶೇ. 28ರಷ್ಟಿದ್ದ ತೆರಿಗೆಯು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿರುವುದರಿಂದ ಬಿಲ್ಲಿಲ್ಲದ ಸರಕಿನ ಆಕರ್ಷಣೆಯೂ ಅಷ್ಟರಮಟ್ಟಿಗೆ ಕುಗ್ಗಿದೆ. ಸರಕು ಸಾಗಣೆಯ ವಾಹನದ ಬಿಡಿಭಾಗಗಳ ಮೇಲಿನ ಜಮೆಗೆ ಪ್ರಯಾಣಿಕ ಕಾರುಗಳಿಗಿರುವ ನಿರ್ಬಂಧ ಅನ್ವಯಿಸುವುದಿಲ್ಲ. ಆದರೆ ತೆರಿಗೆರಹಿತ ಸರಕನ್ನಷ್ಟೇ ಮಾರುವ ವ್ಯಾಪಾರಿಗೂ, ಜಮೆಯಿಲ್ಲದ ಶೇ. 5ರ ದರವನ್ನು ಆರಿಸಿಕೊಂಡ ಸಾಗಣೆ ಏಜೆನ್ಸಿಗೂ ಈ ಸೌಲಭ್ಯ ಸಿಗುವುದಿಲ್ಲ. ಬಿಲ್ಲಿನಲ್ಲಿ ಖರೀದಿದಾರನ ಜಿಎಸ್‌ಟಿ ಸಂಖ್ಯೆ ಇರಬೇಕು, ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಬೇಕು. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯ ಲೆಕ್ಕದಲ್ಲಿ ಅಮಾನ್ಯವಾಗುತ್ತದೆ. ಹತ್ತಕ್ಕಿಂತ ಹೆಚ್ಚು ಲಾರಿಗಳಿಲ್ಲದೆ ಟನ್ನಿನ ಆಧಾರದ ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟುವ ಮಾಲೀಕರಿಗಂತೂ ದುರಸ್ತಿಯ ಖರ್ಚನ್ನು ಬೇರೆಯಾಗಿ ಕಳೆಯುವ ಅವಕಾಶವೇ ಇಲ್ಲ. ಕೆಟ್ಟ ಭಾಗದ ಪ್ರತಿ ರೂಪಾಯಿಯೂ ಅವರ ಜೇಬಿನಿಂದಲೇ ಹೋಗುತ್ತದೆ.

ಬಿಡಿಭಾಗಗಳ ವ್ಯಾಪಾರಿಗಳೂ ಗಮನಿಸಬೇಕಾದ ಎರಡು ಸಂಗತಿಗಳಿವೆ. ಹಳೆಯ ಘಟಕವನ್ನು ಪಡೆದು, ಅದರ ಬೆಲೆಯನ್ನು ವಜಾ ಮಾಡಿ, ಉಳಿದ ಮೊತ್ತಕ್ಕಷ್ಟೇ ತೆರಿಗೆ ಹಾಕುವ ರೂಢಿ ಜಿಎಸ್‌ಟಿ ಮೌಲ್ಯ ನಿಯಮಗಳಿಗೆ ವಿರುದ್ಧವಾದುದು. ಹೊಸ ಘಟಕದ ಪೂರ್ಣ ಬೆಲೆಯ ಮೇಲೆ ತೆರಿಗೆ ಬೀಳುತ್ತದೆ. ಇನ್ನೊಂದು, ಖೋಟಾ ಗುರುತಿನ ಸರಕನ್ನು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಕಲಮಿನಡಿ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂ.ನಿಂದ 2 ಲಕ್ಷ ರೂ.ವರೆಗೆ ದಂಡವಿದೆ. ತಿಳಿಯದೆ ಮಾರಿದೆನೆಂದು ಹೇಳುವ ವ್ಯಾಪಾರಿಯು ತಾನು ವಹಿಸಿದ ಎಚ್ಚರವನ್ನೂ ಸರಕು ಎಲ್ಲಿಂದ ಬಂದಿತೆಂಬುದನ್ನೂ ತೋರಿಸಬೇಕಾಗುತ್ತದೆ. ಖರೀದಿಯ ಬಿಲ್ಲಿಲ್ಲದೆ ಅದು ಕಷ್ಟಸಾಧ್ಯ. ಹೊಸ ಭಾಗದ ಖಾಲಿ ಪೆಟ್ಟಿಗೆಗಳು ಖೋಟಾ ಸರಕಿನವರ ಕೈಸೇರದಂತೆ ಹರಿದು ಹಾಕುವುದೂ ಒಳ್ಳೆಯದು.

ವಾರಂಟಿಯ ಕಾಗದವನ್ನು ಕೊಳ್ಳುವ ಮುನ್ನವೇ ಓದಬೇಕು. ಸಾಮಾನ್ಯವಾಗಿ ಅದು ಭಾಗವನ್ನು ಬದಲಿಸಿಕೊಡುವುದಕ್ಕೆ ಸೀಮಿತವಾಗಿದ್ದು, ತಪ್ಪಿದ ಬಾಡಿಗೆಯನ್ನು ತುಂಬಿಕೊಡುವುದಿಲ್ಲ. ಅನಧಿಕೃತ ಮೆಕ್ಯಾನಿಕ್ ಬಿಚ್ಚಿದ ಗುರುತು ಕಂಡರೆ ಅದೂ ಇಲ್ಲ. ಆದ್ದರಿಂದ ವಾರಂಟಿ ಅವಧಿಯಲ್ಲಿ ಘಟಕವನ್ನು ಬಿಚ್ಚಬಾರದೆಂದು ಚಾಲಕನಿಗೆ ಹೇಳಿಟ್ಟಿರಬೇಕು. ವಿವಾದವಾದಾಗ, ಸ್ವಯಂ ಉದ್ಯೋಗದಿಂದ ಜೀವನ ನಡೆಸಲು ಒಂದು ಲಾರಿಯನ್ನು ತಾನೇ ಓಡಿಸುವ ಮಾಲೀಕನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕನೆನಿಸಿಕೊಳ್ಳಬಲ್ಲನು. ವಾಣಿಜ್ಯ ಉದ್ದೇಶಕ್ಕಾಗಿ ಹಲವು ಲಾರಿಗಳನ್ನು ಓಡಿಸುವ ಸಂಸ್ಥೆಗೆ ಆ ದಾರಿ ಸುಲಭವಲ್ಲ. ಅದು ಬಿಲ್ಲು, ಜೋಡಿಸಿದ ದಿನಾಂಕ, ಆ ದಿನದ ಕಿಲೋಮೀಟರು ಇವುಗಳನ್ನು ಲಾರಿವಾರು ವಹಿಯಲ್ಲಿ ಬರೆದಿಟ್ಟುಕೊಂಡು ಮಾರಾಟಗಾರನೊಡನೆ ನೇರವಾಗಿಯೇ ವ್ಯವಹರಿಸಬೇಕಾಗುತ್ತದೆ.